ಹಳೆಯ ಕಾರಿಗೆ ಹೊಸ ಬ್ರೇಕು

ಸೈಕಲ್ ತುಳಿಯುವ ಮಕ್ಕಳಿಗೆಲ್ಲ ಎರಡು ಸಂಗತಿಗಳು ಚೆನ್ನಾಗಿ ಗೊತ್ತು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡೇ ಇಳಿದು, ಕೆಳಗೆ ನಿಂತು ಚಕ್ರದ ರಿಮ್ಮಿಗೆ ಬೆರಳು ತಾಗಿಸಿದರೆ ಬಿಸಿ ತಟ್ಟುತ್ತದೆ. ಇನ್ನೊಂದು, ಮಳೆ ಬಂದು ರಿಮ್ಮು ಒದ್ದೆಯಾದ ದಿನ ಎಷ್ಟು ಬಲವಾಗಿ ಒತ್ತಿದರೂ ಬ್ರೇಕು ಬೇಗ ಹಿಡಿಯುವುದಿಲ್ಲ. ಈ ಎರಡು ಅನುಭವಗಳಲ್ಲಿ ಬ್ರೇಕಿನ ಶಾಸ್ತ್ರವೆಲ್ಲ ಅಡಗಿದೆ. ಒಂದು, ಬ್ರೇಕೆಂದರೆ ಓಟವನ್ನು ಬಿಸಿಯಾಗಿ ಬದಲಿಸುವ ಯಂತ್ರ. ಎರಡು, ಉಜ್ಜುವ ಎರಡು ಮೈಗಳ ನಡುವಿನ ಘರ್ಷಣೆ ಸದಾ ಒಂದೇ ಸಮನಾಗಿರುವುದಿಲ್ಲ.

ಈ ಪಾಠ ಸೈಕಲ್ಲಿನಿಂದ ಕಾರಿಗೆ ಬಂದಾಗ ಅದರ ಮೇಲೆ ಪ್ರಾಣವೇ ನಿಂತಿರುತ್ತದೆ. ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ನಮ್ಮೂರಿನ ಹುಡುಗನೊಬ್ಬ ಎಂಜಿನಿಯರಿಂಗ್ ಮುಗಿಸಿ ಹೆಚ್ಚಿನ ಓದಿಗೆ ಅಮೆರಿಕಕ್ಕೆ ಹೋಗಿದ್ದಾನೆ. ಅಲ್ಲಿ ಕಾರಿಲ್ಲದೆ ಓಡಾಡುವುದು ಕಷ್ಟ. ಕೂಡಿಟ್ಟ ಹಣದಲ್ಲಿ ಹಳೆಯದೊಂದು ಪುಟ್ಟ ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. ಮಜ್ದಾ ಕಂಪನಿಯ ಎಂ.ಎಕ್ಸ್-5, ಅಲ್ಲಿನವರು ಪ್ರೀತಿಯಿಂದ ಕರೆಯುವ ಹೆಸರು ಮಿಯಾಟಾ. ಊರಿಗೆ ಫೋನು ಮಾಡಿ ಸಂಭ್ರಮದಿಂದ ವರ್ಣಿಸುತ್ತಾನೆ. ಹಾಸನದಲ್ಲಿರುವ ತಂದೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳುತ್ತಾರೆ: “ಓಡೋದೇನೋ ಸರಿ ಕಣೋ, ಅದು ನಿಲ್ಲುತ್ತೇನೋ?”

ಹುಡುಗ ತುಸು ತಡವರಿಸುತ್ತಾನೆ. ಏಕೆಂದರೆ ಬ್ರೇಕು ಒತ್ತಿದಾಗ ಸ್ಟಿಯರಿಂಗ್ ನಡುಗುತ್ತಿದೆ, ಚಕ್ರದ ಕಡೆಯಿಂದ ಕಿರ್ರೆಂಬ ಸದ್ದು ಬರುತ್ತಿದೆ. ಡಿಸ್ಕು, ಪ್ಯಾಡು ಎರಡನ್ನೂ ಬದಲಿಸಬೇಕು. ಬಿಡಿಭಾಗದ ಅಂಗಡಿಯ ಪಟ್ಟಿ ತೆರೆದರೆ ತಲೆ ತಿರುಗುತ್ತದೆ. ಸಾದಾ ಡಿಸ್ಕು, ರಂಧ್ರ ಕೊರೆದ ಡಿಸ್ಕು, ಗೀರು ಕೊರೆದ ಡಿಸ್ಕು. ಪೇಟೆ ರಸ್ತೆಯ ಪ್ಯಾಡು, ಪಂದ್ಯದ ಪ್ಯಾಡು. ರಂಧ್ರವಿರುವುದು ನೋಡಲು ಚೆಂದ, ಬೆಲೆಯೂ ಹೆಚ್ಚು. ಚೆಂದವೂ ದುಬಾರಿಯೂ ಆದದ್ದು ಒಳ್ಳೆಯದೂ ಆಗಿರಬೇಕಲ್ಲವೆ? ಇಲ್ಲಿಯೇ ಎಚ್ಚರ ಬೇಕಾದದ್ದು.

ಒಂದು ಲೀಟರು ನೀರು ಕುದಿಸಿದಂತೆ

ಎಂ.ಎಕ್ಸ್-5 ಮೊದಲು ಜನರೆದುರು ಬಂದದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೋ ಮೋಟಾರು ಪ್ರದರ್ಶನದಲ್ಲಿ. ಎರಡೇ ಸೀಟು, ಮಡಿಸಬಹುದಾದ ಮೇಲ್ಛಾವಣಿ, 1.6 ಲೀಟರಿನ ಎಂಜಿನ್ನು. ಕಾರಿನ ತೂಕ ಒಂದು ಟನ್ನಿಗೂ ತುಸು ಕಡಿಮೆ. ಲೆಕ್ಕಕ್ಕೆ ಸುಲಭವಾಗಲೆಂದು ಚಾಲಕನೂ ಸೇರಿ 1000 ಕಿಲೊ ಎಂದಿಟ್ಟುಕೊಳ್ಳೋಣ. ಗಂಟೆಗೆ 100 ಕಿಲೊಮೀಟರು ವೇಗವೆಂದರೆ ಸೆಕೆಂಡಿಗೆ 27.8 ಮೀಟರು.

ಪ್ರೌಢಶಾಲೆಯ ಪುಸ್ತಕದಲ್ಲಿರುವ ಚಲನಶಕ್ತಿಯ ಸೂತ್ರವನ್ನು ನೆನಪಿಸಿಕೊಳ್ಳಿ: ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕು. ಉತ್ತರ ಸುಮಾರು 386 ಕಿಲೊಜೌಲ್. ಇದು ಎಷ್ಟು ದೊಡ್ಡದು? ಒಂದು ಲೀಟರು ತಣ್ಣೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾದದ್ದು ಸುಮಾರು 314 ಕಿಲೊಜೌಲ್. ಅಂದರೆ ಹೆದ್ದಾರಿಯಲ್ಲಿ ಒಮ್ಮೆ ಕಾರು ನಿಲ್ಲಿಸುವುದೆಂದರೆ ಒಂದು ಲೀಟರಿಗೂ ಹೆಚ್ಚು ನೀರನ್ನು ಕುದಿಸುವಷ್ಟು ಶಾಖವನ್ನು ಹುಟ್ಟಿಸುವುದು. ಅದೂ ಒಲೆಯ ಮೇಲಿನಂತೆ ಐದಾರು ನಿಮಿಷದಲ್ಲಲ್ಲ. ತುರ್ತಿನಲ್ಲಿ ಬ್ರೇಕು ತುಳಿದಾಗ ಮೂರು-ನಾಲ್ಕು ಸೆಕೆಂಡಿನಲ್ಲಿ!

ಇನ್ನೊಂದು ರೀತಿಯಲ್ಲಿ ನೋಡಿ. ಸೊನ್ನೆಯಿಂದ 100ರ ವೇಗಕ್ಕೆ ಏರಲು ಈ ಕಾರಿನ ಎಂಜಿನ್ನಿಗೆ ಒಂಬತ್ತು ಸೆಕೆಂಡಿನ ಆಸುಪಾಸು ಬೇಕು. ಅದೇ ಶಕ್ತಿಯನ್ನು ಬ್ರೇಕು ಅದರ ಮೂರನೇ ಒಂದು ಭಾಗದ ಹೊತ್ತಿನಲ್ಲಿ ಕಳೆಯಬೇಕು. ಕಾರಿನಲ್ಲಿ ಎಂಜಿನ್ನಿಗಿಂತ ಬಲಶಾಲಿಯಾದ ಯಂತ್ರವೊಂದಿದ್ದರೆ ಅದು ಬ್ರೇಕೇ. ಸೂತ್ರದಲ್ಲಿ ವೇಗದ ವರ್ಗವಿರುವುದರಿಂದ ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬಾರದು.

ಈ ಶಾಖ ಹೋಗುವುದೆಲ್ಲಿಗೆ? ಬಹುಪಾಲು ಚಕ್ರದೊಂದಿಗೆ ತಿರುಗುವ ಕಬ್ಬಿಣದ ಬಿಲ್ಲೆಗೆ. ಅಮೆರಿಕದವರು ಇದನ್ನು ರೋಟರ್ ಎನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಡಿಸ್ಕ್ ಎಂದರೇ ರೂಢಿ. ನಾಲ್ಕೂ ಡಿಸ್ಕು ಸೇರಿ 15 ಕಿಲೊ ಕಬ್ಬಿಣವೆಂದುಕೊಂಡರೆ, ಒಂದು ಸಲ ನಿಲ್ಲಿಸಿದಾಗ ಅದರ ಉಷ್ಣತೆ ಸುಮಾರು 56 ಡಿಗ್ರಿ ಏರುತ್ತದೆ. ಅದು ಆರುವ ಮೊದಲೇ ಮತ್ತೆ ಮತ್ತೆ ಹತ್ತು ಸಲ ನಿಲ್ಲಿಸಿದರೆ ಏರಿಕೆ 500 ಡಿಗ್ರಿ ದಾಟುತ್ತದೆ. ನಡುವೆ ಗಾಳಿಗೆ ಒಂದಿಷ್ಟು ಬಿಸಿ ಹೋಗುವುದರಿಂದ ನಿಜದಲ್ಲಿ ಇಷ್ಟಾಗದು. ಆದರೂ ಬ್ರೇಕು ತಯಾರಿಸುವವರಿಗೆ ಶಾಖವೇ ಏಕೆ ದೊಡ್ಡ ಚಿಂತೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಬೂಟಿನ ಚರ್ಮದಿಂದ ಬಿಲ್ಲೆಯವರೆಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಳಲ್ಲಿ ಕುದುರೆ ಗಾಡಿಯವರು ಇಳಿಜಾರಿನಲ್ಲಿ ಹಳೆಯ ಬೂಟಿನ ಚರ್ಮವನ್ನು ಚಕ್ರಕ್ಕೆ ಒತ್ತಿ ಗಾಡಿ ತಡೆಯುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತ ಅದಕ್ಕಿಂತ ಉತ್ತಮವಾದ ಉಜ್ಜುವಸ್ತುವನ್ನು ಹುಡುಕಹೊರಟ. 1897ರಲ್ಲಿ ಶುರುವಾದ ಆತನ ಉದ್ಯಮವೇ ಮುಂದೆ ಫೆರೋಡೊ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು. ಫ್ರೂಡ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತ್‌ಳ ಹೆಸರಿನ ಮೊದಲಕ್ಷರ ಸೇರಿಸಿದರೆ ಫೆರೋಡೊ!

ಬಿಲ್ಲೆಯನ್ನು ಎರಡೂ ಬದಿಯಿಂದ ಅಮುಕಿ ನಿಲ್ಲಿಸುವ ವಿಧಾನಕ್ಕೆ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ಎಂಜಿನಿಯರ್ 1902ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅರ್ಧ ಶತಮಾನ ಕಾಲ ಕಾರುಗಳಲ್ಲಿ ಮೆರೆದದ್ದು ಡ್ರಮ್ ಬ್ರೇಕು. ಡ್ರಮ್ಮಿನ ತೊಂದರೆಯೆಂದರೆ ಬಿಸಿ ಒಳಗೇ ಉಳಿಯುತ್ತದೆ, ಬೇಗ ಆರುವುದಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಪಂದ್ಯದಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಸಿ-ಟೈಪ್ ಕಾರು ಗೆದ್ದಿತು. ಉಳಿದವರು ಬ್ರೇಕು ಬಿಸಿಯಾದೀತೆಂಬ ಅಂಜಿಕೆಯಿಂದ ತಿರುವಿಗೆ ಬಹಳ ಮೊದಲೇ ವೇಗ ತಗ್ಗಿಸುತ್ತಿದ್ದಾಗ ಜಾಗ್ವಾರ್ ಚಾಲಕರು ಇನ್ನಷ್ಟು ದೂರ ಪೂರ್ಣ ವೇಗದಲ್ಲೇ ನುಗ್ಗಬಹುದಾಗಿತ್ತು. ಆ ಬಳಿಕ ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿ ತಿರುಗುವ ಬಿಲ್ಲೆಯೇ ಓಟದ ಕಾರುಗಳ ಲಕ್ಷಣವಾಯಿತು.

ಡಿಸ್ಕು ಆರಿಸುವುದು ಹೇಗೆ?

ಮೊದಲು ಮಾಡಬೇಕಾದದ್ದು ಅಳತೆ. 1989ರಿಂದ 1993ರವರೆಗಿನ 1.6 ಲೀಟರಿನ ಎಂ.ಎಕ್ಸ್-5ಕ್ಕೆ ಮುಂದಿನ ಡಿಸ್ಕು 235 ಮಿಲಿಮೀಟರು ಅಗಲ. 1994ರಿಂದ ಬಂದ 1.8 ಲೀಟರಿನ ಮಾದರಿಗೆ 255 ಮಿ.ಮೀ. ಕಾರು ನೋಡಲು ಒಂದೇ, ಭಾಗಗಳು ಬೇರೆ. ಹೆಸರು ಹೇಳಿದರೆ ಸಾಲದು, ತಯಾರಾದ ವರ್ಷವನ್ನೂ ಎಂಜಿನ್ನನ್ನೂ ಹೇಳಿ ಕೊಳ್ಳಬೇಕು. ಹಳೆಯ ಕಾರಿನಲ್ಲಿ ಹಿಂದಿನ ಮಾಲೀಕ ಏನು ಬದಲಿಸಿದ್ದಾನೋ ತಿಳಿಯದು. ಆದ್ದರಿಂದ ಚಕ್ರ ಬಿಚ್ಚಿ ಅಳೆದು ನೋಡುವುದೇ ಸರಿ.

ಮುಂದಿನ ಡಿಸ್ಕು ಹೊಸದಿದ್ದಾಗ 18 ಮಿ.ಮೀ. ದಪ್ಪ. ಅದರ ಹೊಟ್ಟೆ ಟೊಳ್ಳು. ಎರಡು ತಟ್ಟೆಗಳ ನಡುವೆ ರೆಕ್ಕೆಗಳಿದ್ದು, ತಿರುಗುವಾಗ ಫ್ಯಾನಿನಂತೆ ಗಾಳಿಯನ್ನು ಎಳೆದು ಹೊರದೂಡುತ್ತವೆ. ಹಿಂದಿನದು ಬರಿಯ 9 ಮಿ.ಮೀ. ದಪ್ಪದ ಗಟ್ಟಿ ಬಿಲ್ಲೆ. ಏಕೆ ಈ ಭೇದ? ಬಸ್ಸಿನಲ್ಲಿ ಚಾಲಕ ಗಕ್ಕನೆ ಬ್ರೇಕು ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆಯೇ ಕಾರಿನ ಭಾರವೂ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹೆಚ್ಚು ದುಡಿಮೆ ಮುಂದಿನವಕ್ಕೆ, ಹೆಚ್ಚು ಶಾಖವೂ ಅವಕ್ಕೇ.

ಡಿಸ್ಕು ಸವೆದು ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಕನಿಷ್ಠ ಅಳತೆಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. 1.6 ಲೀಟರಿನ ಕಾರಿನ ಮುಂದಿನ ಡಿಸ್ಕಿಗೆ ಅದು 16 ಮಿ.ಮೀ. ಅಂದರೆ ಸವೆಯಲು ಇರುವ ಬಂಡವಾಳ ಮುಂದೆ ಎರಡೇ ಮಿಲಿಮೀಟರು! ಕಣ್ಣಂದಾಜು ಇಲ್ಲಿ ನಡೆಯದು, ಮೈಕ್ರೊಮೀಟರು ಬೇಕು. ಪ್ರಯೋಗಾಲಯದಲ್ಲಿ ತಂತಿಯ ದಪ್ಪ ಅಳೆಯಲು ಕಲಿತ ವಿದ್ಯೆ ಪ್ರಯೋಜನಕ್ಕೆ ಬರುವುದು ಇಂಥಲ್ಲಿ. ತೆಳುವಾದ ಡಿಸ್ಕಿನಲ್ಲಿ ಕಬ್ಬಿಣ ಕಡಿಮೆ, ಆದ್ದರಿಂದ ಅದೇ ಶಾಖಕ್ಕೆ ಅದು ಹೆಚ್ಚು ಕಾಯುತ್ತದೆ, ಬಿರುಕೂ ಬಿಡಬಹುದು.

ಡಿಸ್ಕುಗಳೆಲ್ಲ ಬಹುಮಟ್ಟಿಗೆ ಬೀಡು ಕಬ್ಬಿಣದವು. ಅಡುಗೆಮನೆಯ ಹಳೆಯ ದೋಸೆ ಹಂಚಿನ ಜಾತಿಯ ಲೋಹವಿದು. ವಿಮಾನ, ರಾಕೆಟ್ಟುಗಳ ಈ ಕಾಲದಲ್ಲೂ ಇಂಥ ಹಳೆಯ ಲೋಹವೇಕೆ? ಬೂದು ಬೀಡಿನೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಹಕ್ಕಳೆಗಳು ಹರಡಿರುತ್ತವೆ. ಅವು ಶಾಖವನ್ನು ಬೇಗ ಹರಡುತ್ತವೆ, ಕಂಪನವನ್ನು ನುಂಗಿ ಸದ್ದು ತಗ್ಗಿಸುತ್ತವೆ. ಮೇಲಾಗಿ ಅಗ್ಗ. ಸಾದಾ ಡಿಸ್ಕನ್ನು ಕೀಳಾಗಿ ಕಾಣಬೇಕಾಗಿಲ್ಲ.

ಇನ್ನು ರಂಧ್ರಗಳ ವಿಚಾರ. ಹಿಂದಿನ ಕಾಲದ ಪ್ಯಾಡುಗಳು ಬಹಳ ಬಿಸಿಯಾದಾಗ ಅವುಗಳಲ್ಲಿನ ಅಂಟು ಪದಾರ್ಥ ಕರಗಿ ಅನಿಲವಾಗಿ, ಪ್ಯಾಡಿಗೂ ಡಿಸ್ಕಿಗೂ ನಡುವೆ ತೆಳುವಾದ ಪದರವಾಗಿ ನಿಲ್ಲುತ್ತಿತ್ತು. ಆಗ ಹಿಡಿತ ತಪ್ಪುತ್ತಿತ್ತು. ಆ ಅನಿಲ ಹೊರಹೋಗಲು ದಾರಿ ಮಾಡಿದ್ದೇ ರಂಧ್ರ. ಮಳೆನೀರು ಹರಿದುಹೋಗಲೂ, ತೂಕ ಕಡಿಮೆಯಾಗಲೂ ಅದು ಸಹಾಯಕ. ಇಂದಿನ ಪ್ಯಾಡುಗಳಲ್ಲಿ ಅನಿಲದ ಕಾಟ ಬಹಳ ಕಡಿಮೆ. ಆದರೆ ರಂಧ್ರದ ದೋಷ ಮಾತ್ರ ಹಾಗೆಯೇ ಉಳಿದಿದೆ. ಅಂಚೆಚೀಟಿಯ ಹಾಳೆಯನ್ನು ನೋಡಿ. ಸಾಲಾಗಿ ತೂತು ಹೊಡೆದಿರುವುದರಿಂದಲೇ ಅದು ಆ ಗೆರೆಯಲ್ಲಿ ಸಲೀಸಾಗಿ ಹರಿಯುತ್ತದೆ. ಕಾದು ಆರಿ, ಹಿಗ್ಗಿ ಕುಗ್ಗುವ ಕಬ್ಬಿಣದಲ್ಲೂ ಒತ್ತಡ ತೂತಿನ ಅಂಚಿನಲ್ಲೇ ಕೂಡಿಕೊಳ್ಳುತ್ತದೆ, ಬಿರುಕು ಹೊರಡುವುದೂ ಅಲ್ಲಿಂದಲೇ. ದೊಡ್ಡ ಬೆಲೆಯ ಕೆಲವು ಕಾರುಗಳಿಗೆ ಕಾರ್ಖಾನೆಯಲ್ಲೇ ರಂಧ್ರದ ಡಿಸ್ಕು ಬರುತ್ತದೆ, ನಿಜ. ಅವುಗಳ ಅಳತೆ, ಲೋಹ, ರಂಧ್ರದ ಜಾಗ ಎಲ್ಲವನ್ನೂ ಅದಕ್ಕೆಂದೇ ಲೆಕ್ಕ ಹಾಕಿರುತ್ತಾರೆ. ಸಾದಾ ಡಿಸ್ಕೊಂದನ್ನು ತಂದು ಬೈರಿಗೆಯಲ್ಲಿ ಕೊರೆದು ಚೆಂದ ಮಾಡಿ ಮಾರುವುದು ಬೇರೆ ಮಾತು.

ಗೀರು ಕೊರೆದ ಡಿಸ್ಕು ಇದಕ್ಕಿಂತ ಮೇಲು. ಗೀರುಗಳು ಪ್ಯಾಡಿನ ಮೇಲ್ಮೈಯನ್ನು ಕೆರೆದು ಹೊಸದಾಗಿಡುತ್ತವೆ. ಅದಕ್ಕೆ ತೆರಬೇಕಾದ ಬೆಲೆ, ಪ್ಯಾಡು ಬೇಗ ಸವೆಯುವುದು ಮತ್ತು ತುಸು ಸದ್ದು. ಪಂದ್ಯಕ್ಕೆ ಸರಿ, ಕಾಲೇಜಿಗೆ ಹೋಗಿಬರಲು ಬೇಕಿಲ್ಲ.

ದೊಡ್ಡದು ಹಾಕಿದರೆ ಬೇಗ ನಿಲ್ಲುವುದೆ?

ಹುಡುಗನ ಮುಂದಿನ ಆಸೆ ಇದು. ಉದ್ದ ಹಿಡಿಯ ಸ್ಪ್ಯಾನರಿನಿಂದ ನಟ್ಟು ಸುಲಭವಾಗಿ ತಿರುಗುವಂತೆ, ದೊಡ್ಡ ಡಿಸ್ಕಿನಲ್ಲಿ ಪ್ಯಾಡು ಅಕ್ಷದಿಂದ ದೂರ ಕೂರುವುದರಿಂದ ಅದೇ ಒತ್ತಡಕ್ಕೆ ಹೆಚ್ಚು ತಿರುಚುಬಲ ದೊರೆಯುತ್ತದೆ. 235ರಿಂದ 255ಕ್ಕೆ ಹೋದರೆ ಸುಮಾರು ನೂರಕ್ಕೆ 8ರಷ್ಟು ಲಾಭ. 1.8 ಲೀಟರಿನ ಕಾರಿನ ಡಿಸ್ಕನ್ನು, ಅದರ ಕ್ಯಾಲಿಪರ್ ಹಿಡಿಯುವ ಬ್ರ್ಯಾಕೆಟ್ಟಿನ ಸಮೇತ, 1.6ಕ್ಕೆ ಜೋಡಿಸುವವರು ಬಹಳ ಮಂದಿ ಇದ್ದಾರೆ.

ಆದರೆ ಕಾರನ್ನು ಕೊನೆಗೆ ನಿಲ್ಲಿಸುವುದು ರಸ್ತೆಯನ್ನು ಹಿಡಿದಿರುವ ಟಯರು. ಅಂಗೈಯಗಲದ ನಾಲ್ಕು ತುಂಡು ರಬ್ಬರು ಮಾತ್ರ ನೆಲಕ್ಕೆ ತಾಗಿರುತ್ತದೆ. ಈಗಿರುವ ಬ್ರೇಕು ಬಲವಾಗಿ ತುಳಿದಾಗ ಚಕ್ರ ಸಿಕ್ಕಿಬಿದ್ದು ಜಾರುವಷ್ಟು ಶಕ್ತವಾಗಿದ್ದರೆ, ಅದಕ್ಕಿಂತ ಬಲವಾದ ಬ್ರೇಕಿನಿಂದ ಕಾರು ಒಂದು ಅಡಿಯೂ ಮೊದಲು ನಿಲ್ಲುವುದಿಲ್ಲ. ಸುಸ್ಥಿತಿಯಲ್ಲಿರುವ ಎಂ.ಎಕ್ಸ್-5ರ ಬ್ರೇಕಿಗೆ ಆ ಶಕ್ತಿ ಇದ್ದೇ ಇದೆ. ದೊಡ್ಡ ಡಿಸ್ಕಿನ ಉಪಯೋಗ ಕಾಣುವುದು ಪಂದ್ಯದ ಹಾದಿಯಲ್ಲಿ ಮೇಲಿಂದ ಮೇಲೆ ಬ್ರೇಕು ಹಾಕುವಾಗ. ಹೆಚ್ಚು ಕಬ್ಬಿಣ ಹೆಚ್ಚು ಶಾಖ ಹಿಡಿಯುತ್ತದೆ. ದಿನದ ಓಡಾಟದಲ್ಲಿ ಆ ಹಣಕ್ಕೆ ಒಳ್ಳೆಯ ಟಯರು ಕೊಳ್ಳುವುದು ಲೇಸು.

ಇನ್ನೊಂದು ಅಪಾಯವೂ ಇದೆ. ಮುಂದಿನ ಮತ್ತು ಹಿಂದಿನ ಬ್ರೇಕುಗಳ ಪಾಲು ಎಷ್ಟೆಷ್ಟಿರಬೇಕೆಂದು ತಯಾರಕರು ತೂಗಿ ನೋಡಿ ನಿಗದಿ ಮಾಡಿರುತ್ತಾರೆ. ಮುಂದಕ್ಕೆ ಮಾತ್ರ ಬಹಳ ಬಲವಾದದ್ದನ್ನು ಹಾಕಿದರೆ ಮುಂದಿನ ಚಕ್ರ ಬೇಗ ಸಿಕ್ಕಿಬೀಳುತ್ತದೆ. ಹಿಂದಿನದರ ದುಡಿಮೆ ಸಿಕ್ಕದೆ ನಿಲ್ಲುವ ದೂರ ಹೆಚ್ಚುತ್ತದೆ. ಹಿಂದಕ್ಕೆ ಬಲವಾದದ್ದನ್ನು ಹಾಕಿದರಂತೂ ಹಿಂದಿನ ಚಕ್ರ ಮೊದಲು ಜಾರಿ ಕಾರು ಬುಗುರಿಯಂತೆ ತಿರುಗಬಹುದು. ಎಡಕ್ಕೆ ಹಾಕಿದ್ದನ್ನೇ ಬಲಕ್ಕೂ ಹಾಕಬೇಕು, ಮುಂದೆ ಹಿಂದೆ ಒಂದೇ ಬಗೆಯ ಪ್ಯಾಡಿರಬೇಕು ಎನ್ನುವುದು ಇದಕ್ಕೇ.

ಪ್ಯಾಡಿನ ಗುಟ್ಟು

ಪ್ಯಾಡು ಒಂದು ಬಗೆಯ ಅವಿಯಲು. ನಾರು, ಲೋಹದ ಪುಡಿ, ಗ್ರಾಫೈಟು, ಉಜ್ಜುಪುಡಿ ಎಲ್ಲವನ್ನೂ ರಾಳದಲ್ಲಿ ಕಲಸಿ, ಒತ್ತಿ, ಬೇಯಿಸಿ ಮಾಡುತ್ತಾರೆ. ಲೋಹವಿಲ್ಲದ ಅಥವಾ ಕಡಿಮೆಯಿರುವ ಸಾವಯವ ಪ್ಯಾಡು ಮೆದು. ಸದ್ದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ, ಆದರೆ ಬಹಳ ಬಿಸಿ ತಾಳದು. ಉಕ್ಕಿನ ನಾರು, ಕಬ್ಬಿಣದ ಪುಡಿ ಬೆರೆತ ಅರೆಲೋಹ ಪ್ಯಾಡು ಬಿಸಿ ತಾಳುತ್ತದೆ, ಸದ್ದು ಮತ್ತು ಕಪ್ಪು ಧೂಳು ಹೆಚ್ಚು. ಸೆರಾಮಿಕ್ ಎಂದು ಮಾರುವ ಪ್ಯಾಡು ಶಾಂತ, ಧೂಳು ಕಡಿಮೆ, ಬೆಲೆ ತುಸು ಮೇಲೆ.

ಅಮೆರಿಕದಲ್ಲಿ ಮಾರುವ ಪ್ಯಾಡುಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರಗಳನ್ನು ಮುದ್ರಿಸಿರುತ್ತಾರೆ. ಮೊದಲನೆಯದು ಸಾಮಾನ್ಯ ಉಷ್ಣತೆಯಲ್ಲಿನ ಘರ್ಷಣೆಯ ದರ್ಜೆ, ಎರಡನೆಯದು ಹೆಚ್ಚು ಬಿಸಿಯಲ್ಲಿನ ದರ್ಜೆ. ‘ಇ’ ಎಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಎರಡೂ ‘ಎಫ್’ ಆಗಿದ್ದರೆ ಬಿಸಿಯಾದರೂ ಹಿಡಿತ ಹೆಚ್ಚು ಕುಗ್ಗುವುದಿಲ್ಲವೆಂದು ಅರ್ಥ. ಅಕ್ಷರಗಳು ಹೇಳುವುದು ಹಿಡಿತವನ್ನು ಮಾತ್ರ. ಬಾಳಿಕೆಯ ಬಗ್ಗೆ, ಸದ್ದಿನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ಹಾಗಾದರೆ ಎಲ್ಲಕ್ಕಿಂತ ಬಲವಾದ ಪಂದ್ಯದ ಪ್ಯಾಡನ್ನೇ ಹಾಕಿದರಾಗದೆ? ಇದೇ ಬಹಳ ಮಂದಿ ಎಡವುವ ಜಾಗ. ಪಂದ್ಯದ ಪ್ಯಾಡು ಹುಟ್ಟಿರುವುದೇ ನೂರಾರು ಡಿಗ್ರಿ ಬಿಸಿಯಲ್ಲಿ ದುಡಿಯಲು. ತಣ್ಣಗಿದ್ದಾಗ ಅದರ ಹಿಡಿತ ಕಡಿಮೆ, ಒದ್ದೆ ರಿಮ್ಮನ್ನು ಹಿಡಿಯಲು ಹೆಣಗುವ ಸೈಕಲ್ ಬ್ರೇಕಿನಂತೆ. ಚಳಿಗಾಲದ ಬೆಳಗ್ಗೆ ಮನೆಯಿಂದ ಹೊರಟು ಮೊದಲ ತಿರುವಿನಲ್ಲೇ ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿ ಬಂದರೆ, ಪ್ಯಾಡು ಬಿಸಿಯಾಗುವವರೆಗೆ ಯಾರೂ ಕಾಯಲಾಗದು. ಅಪಘಾತ ತಪ್ಪಿಸುವ ಬ್ರೇಕು ತಣ್ಣಗಿರುವಾಗಲೂ ಹಿಡಿಯಬೇಕು. ರಸ್ತೆಯ ಕಾರಿಗೆ ರಸ್ತೆಯ ಪ್ಯಾಡೇ ಸರಿ.

ಧೂಳಿನ ವಿಷಯಕ್ಕೂ ಒಂದು ಮಾತು. ದಶಕಗಳ ಕಾಲ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಯೂರೋಪಿನ ಒಕ್ಕೂಟ ಕಲ್ನಾರಿನ ಬಳಕೆಯನ್ನು 2005ರಿಂದ ನಿಷೇಧಿಸಿತು. ಹಳೆಯ ಕಾರಿನ ಚಕ್ರದೊಳಗೆ ಯಾವ ಕಾಲದ ಧೂಳಿದೆಯೋ ಬಲ್ಲವರಾರು? ಬಾಯಿಂದ ಊದಿ, ಗಾಳಿಯ ಪೈಪು ಹಿಡಿದು ಅದನ್ನು ಎಬ್ಬಿಸಬಾರದು; ಒದ್ದೆ ಮಾಡಿ ಒರೆಸಬೇಕು. ಕಲ್ನಾರಿನ ಬಳಿಕ ಪ್ಯಾಡುಗಳಲ್ಲಿ ತಾಮ್ರದ ಬಳಕೆ ಹೆಚ್ಚಿತು. ಸವೆದ ತಾಮ್ರ ಮಳೆನೀರಿನೊಡನೆ ಹೊಳೆ ಸೇರಿ ಮೀನುಗಳಿಗೆ ಕಂಟಕವಾಯಿತು. ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲಿ ಕಾನೂನು ಮಾಡಿ ತಾಮ್ರವನ್ನು ಹಂತ ಹಂತವಾಗಿ ಇಳಿಸತೊಡಗಿದವು. ಬ್ರೇಕಿನ ಪ್ಯಾಡಿಗೂ ಹೊಳೆಯ ಮೀನಿಗೂ ಸಂಬಂಧವಿದೆ ನೋಡಿ!

ಮರೆತುಹೋಗುವ ದ್ರವ

ಡಿಸ್ಕು, ಪ್ಯಾಡು ಹೊಸದಾದರೂ ಅವನ್ನು ಒತ್ತುವ ದ್ರವ ಹಳೆಯದಾಗಿದ್ದರೆ ಎಲ್ಲ ವ್ಯರ್ಥ. ಬ್ರೇಕ್ ಆಯಿಲ್ ಎಂದು ಕರೆದರೂ ಇದು ಎಣ್ಣೆಯಲ್ಲ. ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುವ ದ್ರವ. ‘ಡಾಟ್ 3’ ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ‘ಡಾಟ್ 4’ ಆದರೆ 230. ತೇವ ಹೀರಿದ ಮೇಲಿನ ಮಿತಿ ಕ್ರಮವಾಗಿ 140 ಮತ್ತು 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಆಗ ತುಳಿದ ಪೆಡಲು ಗುಳ್ಳೆಯನ್ನಷ್ಟೇ ಅಮುಕಿ ನೆಲ ಮುಟ್ಟುತ್ತದೆ. ಬ್ರೇಕು ಹಿಡಿಯುವುದೇ ಇಲ್ಲ.

ನಮ್ಮ ಆಗುಂಬೆಯ 14 ತಿರುವುಗಳನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಅನುಭವಿ ಚಾಲಕರು ಹತ್ತಿದ ಗೇರಿನಲ್ಲೇ ಇಳಿಯುವುದು ಇದೇ ಕಾರಣಕ್ಕೆ. ಎಂಜಿನ್ನು ಕಾರನ್ನು ಹಿಡಿದಿಟ್ಟರೆ ಬ್ರೇಕಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುವುದು, ಬಿರುಕು ಬಿಟ್ಟ ಹಳೆಯ ರಬ್ಬರು ಕೊಳವೆಗಳನ್ನು ತೆಗೆಸುವುದು ಅಗ್ಗದ ಕೆಲಸ. ಚೆಂದದ ರಂಧ್ರಗಳಿಗಿಂತ ಇದು ಹೆಚ್ಚು ಪ್ರಾಣ ಉಳಿಸುತ್ತದೆ.

ಜೋಡಿಸುವಾಗ

ಬ್ರೇಕು ಒತ್ತಿದಾಗ ನಡುಗುವ ಡಿಸ್ಕು ‘ಬಾಗಿದೆ’ ಎಂದು ಮೆಕ್ಯಾನಿಕ್ಕುಗಳು ಹೇಳುವುದುಂಟು. ಹೆಚ್ಚಿನ ಸಲ ಡಿಸ್ಕು ಬಾಗಿರುವುದಿಲ್ಲ. ಪ್ಯಾಡಿನ ಪದಾರ್ಥ ಅಲ್ಲಲ್ಲಿ ಮೆತ್ತಿಕೊಂಡು, ಇಲ್ಲವೆ ಸವೆತ ಏರುಪೇರಾಗಿ ದಪ್ಪ ವ್ಯತ್ಯಾಸವಾಗಿರುತ್ತದೆ. ಡಿಸ್ಕು ಕೂರುವ ಜಾಗದ ತುಕ್ಕನ್ನು ಉಜ್ಜಿ ತೆಗೆಯದೆ ಹೊಸದನ್ನು ಕೂರಿಸಿದರೆ ಅದೂ ಓರೆಯಾಗಿ ತಿರುಗಿ ಕೆಲವೇ ತಿಂಗಳಲ್ಲಿ ಅದೇ ನಡುಕ ಬರುತ್ತದೆ. ಓರೆ 0.1 ಮಿ.ಮೀ. ದಾಟಬಾರದು. ತುಕ್ಕಿನ ಒಂದು ಹಕ್ಕಳೆ ಅಷ್ಟು ದಪ್ಪವಿರಬಲ್ಲದು!

ಎಂ.ಎಕ್ಸ್-5ರಲ್ಲಿ ಇನ್ನೊಂದು ವಿಶೇಷವಿದೆ. ಹೊಸ ಪ್ಯಾಡಿಗೆ ಜಾಗ ಮಾಡಲು ಮುಂದಿನ ಕ್ಯಾಲಿಪರಿನ ಪಿಸ್ಟನ್ನನ್ನು ಒಳಕ್ಕೆ ಒತ್ತಬಹುದು. ಹಿಂದಿನದನ್ನು ಹಾಗೆ ಒತ್ತಬಾರದು. ಅದರೊಳಗೆ ಕೈಬ್ರೇಕಿನ ಹೊಂದಾಣಿಕೆಯ ತಿರುಪಿದೆ. ಕ್ಯಾಲಿಪರಿನ ಹಿಂಬದಿಯ ಬೋಲ್ಟೊಂದನ್ನು ಬಿಚ್ಚಿ, ಒಳಗೆ ಅಲೆನ್ ಕೀ ಹಾಕಿ ತಿರುಗಿಸಿದರೆ ಪಿಸ್ಟನ್ನು ಹಿಂದೆ ಸರಿಯುತ್ತದೆ. ಇದನ್ನು ತಿಳಿಯದೆ ಬಲ ಹಾಕಿದರೆ ಕ್ಯಾಲಿಪರೇ ಕೆಡುತ್ತದೆ. ಬ್ರೇಕಿನ ಕೆಲಸ ಮೊದಲ ಬಾರಿಗೆ ಮಾಡುವವರು ಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು; ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ಹೋಗಬಾರದು, ಸ್ಟ್ಯಾಂಡು ಕೊಡಬೇಕು.

ಕೆಲಸ ಮುಗಿದ ಮೇಲೆ, ಕಾರು ಅಲುಗಿಸುವ ಮೊದಲು, ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಬೇಕು. ಪಿಸ್ಟನ್ನು ಹಿಂದೆ ಸರಿದಿರುವುದರಿಂದ ಮೊದಲ ಒಂದೆರಡು ತುಳಿತ ಖಾಲಿ ಹೋಗುತ್ತದೆ. ಈ ಸಣ್ಣ ಕೆಲಸ ಮರೆತು ಗ್ಯಾರೇಜಿನ ಗೋಡೆಗೆ ಗುದ್ದುವುದು ತೀರ ಸುಲಭ. ಆಮೇಲೆ ಹೊಸ ಪ್ಯಾಡನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ 60ರ ವೇಗದಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು-ಹತ್ತು ಸಲ ಇಳಿಸಿ, ಬಳಿಕ ಬ್ರೇಕು ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಲು ಬಿಡಬೇಕು. ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂತು ಹಿಡಿತ ಬರುತ್ತದೆ. ಪ್ಯಾಡಿನ ಪೊಟ್ಟಣದಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಬೇಕು.

ಈಗ ಹುಡುಗನ ಪಟ್ಟಿ ಸಿದ್ಧ: ಸರಿಯಾದ ಅಳತೆಯ, ಒಳ್ಳೆಯ ತಯಾರಕರ ಸಾದಾ ಡಿಸ್ಕು, ನಾಲ್ಕೂ ಚಕ್ರಕ್ಕೆ ಒಂದೇ ಬಗೆಯ ರಸ್ತೆ ಪ್ಯಾಡು, ಹೊಸ ‘ಡಾಟ್ 4’ ದ್ರವ. ರಂಧ್ರದ ಡಿಸ್ಕಿಗೆಂದು ಎತ್ತಿಟ್ಟಿದ್ದ ಹಣ ಮುಂದಿನ ಎರಡು ಟಯರಿಗೆ ಹೋಯಿತು. ಚಕ್ರದ ಕಡ್ಡಿಗಳ ಸಂದಿಯಿಂದ ನೋಡಿದರೆ ವಿಶೇಷವೇನೂ ಕಾಣದು, ಸ್ನೇಹಿತರು ಮೆಚ್ಚಿ ತಲೆದೂಗುವುದಿಲ್ಲ. ಆದರೆ ಭಾನುವಾರ ಊರಿಗೆ ಫೋನು ಮಾಡಿದಾಗ ಅವನು ಈ ಸಲ ತಡವರಿಸಬೇಕಿಲ್ಲ: “ನಿಲ್ಲುತ್ತೆ ಅಪ್ಪ. ನಾನೇ ಅಳೆದು ನೋಡಿದೀನಿ.”

ಮಾಡಿ ನೋಡಿ

ಅಂಗೈಗಳೆರಡನ್ನು ಒಣದಾಗಿ ಹತ್ತು ಸಲ ಬಲವಾಗಿ ಉಜ್ಜಿ, ಬಿಸಿ ತಟ್ಟುತ್ತದೆ. ಈಗ ಅಂಗೈಗೆ ನಾಲ್ಕು ಹನಿ ಎಣ್ಣೆ ಸವರಿ ಅಷ್ಟೇ ಬಲದಿಂದ ಹತ್ತು ಸಲ ಉಜ್ಜಿ. ಬಿಸಿ ಕಡಿಮೆ, ಕೈ ಜಾರುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಎಣ್ಣೆ ಸವರಿರುತ್ತಾರೆ. ಜೋಡಿಸುವ ಮೊದಲು ಅದನ್ನು ಪೂರ್ತಿ ತೊಳೆಯಬೇಕು ಎನ್ನುವುದು ಏಕೆಂದು ಈಗ ನಿಮ್ಮ ಅಂಗೈಯೇ ಹೇಳುತ್ತದೆ.